ಹುಟ್ಟುಗುಣವೂ ಹೊಣೆಗಾರಿಕೆಯೂ

ಹಿಂದೆ ಒಬ್ಬ ಮನುಷ್ಯನ ಪರಿಚಯ ಹೇಳಬೇಕಾದರೆ ಊರು, ಮನೆತನ, ಗೋತ್ರ, ನಕ್ಷತ್ರ ಇಷ್ಟು ಸಾಕಾಗುತ್ತಿತ್ತು. ಈಗ ಇವುಗಳ ಸಾಲಿಗೆ ಇನ್ನೊಂದು ಅಕ್ಷರ ಬಂದು ಸೇರಿದೆ. ಮಕ್ಕಳ ಶಾಲೆಯ ಗುರುತುಚೀಟಿಯಲ್ಲಿ, ವಾಹನ ನಡೆಸುವ ಪರವಾನಗಿಯಲ್ಲಿ, ಕಾರ್ಖಾನೆಯ ಬಿಲ್ಲೆಯಲ್ಲಿ ಎಲ್ಲೆಲ್ಲೂ ನಮ್ಮ ಹೆಸರಿನ ಪಕ್ಕದಲ್ಲಿ ಎ, ಬಿ, ಓ, ಎಬಿ ಎಂಬ ಅಕ್ಷರಗಳಲ್ಲಿ ಒಂದು ಕುಳಿತಿರುತ್ತದೆ. ಜಾತಕ ನೋಡುವ ಮನೆಗಳಲ್ಲೂ ಈಗ ಹುಡುಗ ಹುಡುಗಿಯರ ರಕ್ತದ ಗುಂಪನ್ನು ಕೇಳುವ ರೂಢಿ ಬಂದಿದೆ. ಜಾತಕವನ್ನು ನಂಬದವರು ಕೂಡ ಈ ಅಕ್ಷರವನ್ನು ನಂಬುತ್ತಾರೆ, ಏಕೆಂದರೆ ಇದನ್ನು ಹೇಳಿದ್ದು ಪ್ರಯೋಗಾಲಯ.

ಈ ಅಕ್ಷರಕ್ಕೂ ನಮಗೆ ಮುಂದೆ ಬರಬಹುದಾದ ಕಾಯಿಲೆಗೂ ನಂಟಿದೆಯೆ ಎಂದು ವಿಜ್ಞಾನಿಗಳು ಬಹುಕಾಲದಿಂದ ಹುಡುಕುತ್ತ ಬಂದಿದ್ದಾರೆ. ಚರ್ಮದ ಕ್ಯಾನ್ಸರಿನ ವಿಷಯದಲ್ಲಿ ಅಂಥ ಒಂದು ತೆಳುವಾದ ನಂಟು ಇದೆಯೆಂದು ಹೇಳುವ ಅಧ್ಯಯನಗಳಿವೆ. ಇಂಥ ಸುದ್ದಿ ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲಿನಲ್ಲಿ ಬಂದರೆ ನಮ್ಮಲ್ಲಿ ಇಬ್ಬಗೆಯ ಪ್ರತಿಕ್ರಿಯೆ ಹುಟ್ಟುತ್ತದೆ. ಒಬ್ಬರು, 'ಹುಟ್ಟುಗುಣ ಸುಟ್ಟರೂ ಹೋಗದು, ಬರುವುದಿದ್ದರೆ ಬಂದೇ ಬರುತ್ತದೆ' ಎಂದು ಕೈಚೆಲ್ಲುತ್ತಾರೆ. ಇನ್ನೊಬ್ಬರು, 'ಸದ್ಯ, ನಮ್ಮದು ಆ ಗುಂಪಲ್ಲ' ಎಂದು ನಿಟ್ಟುಸಿರು ಬಿಟ್ಟು, ಆ ಗುಂಪಿನವರ ಕಡೆಗೆ ಓರೆನೋಟ ಬೀರುತ್ತಾರೆ. ಈ ಎರಡೂ ತಪ್ಪೆಂಬುದು ನಮ್ಮ ಅಭಿಪ್ರಾಯ. ಹಾಗಾದರೆ ಸರಿ ಯಾವುದು? ತಂದೆತಾಯಿಗಳಿಂದ ಬಂದದ್ದಕ್ಕೆ ನಾವು ಹೊಣೆಯಲ್ಲ ಎಂದ ಮೇಲೆ ಆ ವಿಷಯದಲ್ಲಿ ನಮಗೆ ಯಾವ ಕರ್ತವ್ಯವೂ ಇಲ್ಲವೆ? ನಾವು ಇಲ್ಲಿ ವೈದ್ಯಕೀಯ ಸಲಹೆ ಕೊಡಹೊರಟವರಲ್ಲ. ನಮ್ಮ ಪ್ರಶ್ನೆ ನೀತಿಗೆ ಸಂಬಂಧಿಸಿದ್ದು. ಆದರೆ ವಸ್ತುಸ್ಥಿತಿಯನ್ನು ಅರಿಯದೆ ನೀತಿಯ ಮಾತಾಡುವುದು ಗಾಳಿಯಲ್ಲಿ ಗೋಪುರ ಕಟ್ಟಿದಂತಾದೀತು. ಆದ್ದರಿಂದ ಮೊದಲು ಸಂಗತಿ ಏನೆಂಬುದನ್ನು ನೋಡೋಣ.

ರಕ್ತದಲ್ಲಿ ಬಗೆಗಳಿವೆಯೆಂದು ಮೊದಲು ಕಂಡುಕೊಂಡವನು ವಿಯೆನ್ನಾ ನಗರದ ಕಾರ್ಲ್ ಲ್ಯಾಂಡ್‌ಸ್ಟೈನರ್. 1901ರಲ್ಲಿ ಆತ ಮೂರು ಗುಂಪುಗಳನ್ನು ವಿವರಿಸಿದ. ಮರುವರ್ಷ ಅವನ ಸಹೋದ್ಯೋಗಿಗಳು ನಾಲ್ಕನೆಯದನ್ನು ಸೇರಿಸಿದರು. ಅದಕ್ಕೆ ಮೊದಲು ಒಬ್ಬರ ರಕ್ತವನ್ನು ಇನ್ನೊಬ್ಬರಿಗೆ ಕೊಟ್ಟಾಗ ಕೆಲವರು ಬದುಕುತ್ತಿದ್ದರು, ಕೆಲವರು ಸಾಯುತ್ತಿದ್ದರು. ಕಾರಣ ಯಾರಿಗೂ ತಿಳಿದಿರಲಿಲ್ಲ. ಲ್ಯಾಂಡ್‌ಸ್ಟೈನರನಿಗೆ 1930ರಲ್ಲಿ ನೊಬೆಲ್ ಪಾರಿತೋಷಕ ಬಂತು. ಎ, ಬಿ ಎಂಬವು ವಾಸ್ತವದಲ್ಲಿ ರಕ್ತಕಣದ ಮೇಲ್ಮೈಯಲ್ಲಿರುವ ಸಕ್ಕರೆ ಜಾತಿಯ ಗುರುತುಗಳು. ಇವು ರಕ್ತದಲ್ಲಿ ಮಾತ್ರವಲ್ಲ, ಚರ್ಮದ ಕೋಶಗಳ ಮೇಲೂ, ಕರುಳಿನ ಒಳಹೊದಿಕೆಯ ಮೇಲೂ ಇರುತ್ತವೆ. ಎರಡೂ ಗುರುತು ಇಲ್ಲದವರು ಓ ಗುಂಪಿನವರು. ಯಾವ ಗುರುತು ನಮಗೆ ಬರಬೇಕೆಂಬುದು ತಂದೆಯಿಂದ ಒಂದು, ತಾಯಿಯಿಂದ ಒಂದು ಹೀಗೆ ಬಂದ ವಂಶವಾಹಿಗಳಿಂದ ನಿರ್ಧಾರವಾಗುತ್ತದೆ.

ಇದಕ್ಕಿಂತ ಬಹಳ ಜಟಿಲವಾದ ಇನ್ನೊಂದು ಗುರುತು ನಮ್ಮ ಅಂಗಾಂಶಗಳಲ್ಲಿದೆ. ಪ್ಯಾರಿಸ್ಸಿನ ಜಾನ್ ದೊಸ್ಸೆ ಎಂಬ ವೈದ್ಯ 1958ರಲ್ಲಿ ಬಿಳಿಯ ರಕ್ತಕಣಗಳ ಮೇಲೆ ಇದರ ಮೊದಲ ಸುಳಿವನ್ನು ಕಂಡ. ಇದನ್ನು ಈಗ ಎಚ್.ಎಲ್.ಎ. ಎಂಬ ಮೂರಕ್ಷರದ ಹೆಸರಿನಿಂದ ಕರೆಯುತ್ತಾರೆ. ದೊಸ್ಸೆಗೆ 1980ರಲ್ಲಿ, ಇನ್ನಿಬ್ಬರ ಜೊತೆಗೆ, ನೊಬೆಲ್ ದೊರೆಯಿತು. ರಕ್ತದ ಗುಂಪುಗಳು ನಾಲ್ಕಾದರೆ, ಈ ಅಂಗಾಂಶದ ಮಾದರಿಗಳ ಜೋಡಣೆಗಳನ್ನು ಎಣಿಸಿ ಮುಗಿಸುವಂತಿಲ್ಲ. ಒಡಹುಟ್ಟಿದ ಇಬ್ಬರಲ್ಲಿ ಇದು ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಹೊರಗಿನವರಲ್ಲಿ ಬಲು ಅಪರೂಪ. ಇದರ ಕೆಲಸವನ್ನು ಒಂದು ಹೋಲಿಕೆಯಿಂದ ಹೇಳಬಹುದು. ಪ್ರತಿಯೊಂದು ಕೋಶವೂ ತನ್ನೊಳಗೆ ತಯಾರಾಗುವ ಸರಕಿನ ಚೂರುಗಳನ್ನು ಅಂಗಡಿಯ ಮುಂದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟಂತೆ ಹೊರಗೆ ತೋರಿಸುತ್ತಿರುತ್ತದೆ. ಆ ಪೆಟ್ಟಿಗೆಯೇ ಎಚ್.ಎಲ್.ಎ. ಗಸ್ತು ತಿರುಗುವ ರಕ್ಷಕ ಕಣಗಳು ಅದನ್ನು ನೋಡಿ, ಸರಕು ಕೆಟ್ಟದೆಂದು ಕಂಡರೆ ಆ ಕೋಶವನ್ನೇ ನಾಶ ಮಾಡುತ್ತವೆ. ಕ್ಯಾನ್ಸರಾಗಿ ತಿರುಗುತ್ತಿರುವ ಎಷ್ಟೋ ಕೋಶಗಳು ನಮಗೆ ಗೊತ್ತಾಗುವ ಮೊದಲೇ ಹೀಗೆ ಹೋಗಿಬಿಡುತ್ತವೆ. ಒಬ್ಬೊಬ್ಬರ ಪೆಟ್ಟಿಗೆಯ ಆಕಾರ ಒಂದೊಂದು ಬಗೆ. ಕೆಲವು ಚೂರುಗಳು ಒಬ್ಬರಲ್ಲಿ ಚೆನ್ನಾಗಿ ಕಾಣುತ್ತವೆ, ಇನ್ನೊಬ್ಬರಲ್ಲಿ ಮರೆಯಾಗುತ್ತವೆ.

ಈಗ ಚರ್ಮದ ಕ್ಯಾನ್ಸರಿಗೆ ಬರೋಣ. ಅಮೆರಿಕದಲ್ಲಿ ದಾದಿಯರ ಒಂದು ದೊಡ್ಡ ಸಮೂಹವನ್ನು 1976ರಿಂದಲೂ, ಪುರುಷ ಆರೋಗ್ಯ ವೃತ್ತಿಯವರ ಇನ್ನೊಂದು ಸಮೂಹವನ್ನು 1986ರಿಂದಲೂ ಎರಡು ವರ್ಷಕ್ಕೊಮ್ಮೆ ವಿಚಾರಿಸುತ್ತ ಬಂದಿದ್ದಾರೆ. ಇವರ ರಕ್ತದ ಗುಂಪನ್ನೂ ಚರ್ಮದ ಕಾಯಿಲೆಗಳನ್ನೂ ಹೋಲಿಸಿದ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಓ ಗುಂಪಿನವರಿಗೆ ಹೋಲಿಸಿದರೆ ಉಳಿದ ಗುಂಪಿನವರಲ್ಲಿ ಸ್ಕ್ವಾಮಸ್ ಜಾತಿಯ ಚರ್ಮದ ಕ್ಯಾನ್ಸರು ಶೇಕಡಾ 14ರಷ್ಟು ಕಡಿಮೆ, ಬೇಸಲ್ ಜಾತಿಯದು ಶೇಕಡಾ 4ರಷ್ಟು ಕಡಿಮೆ. ಎಲ್ಲಕ್ಕಿಂತ ಅಪಾಯಕಾರಿಯಾದ ಮೆಲನೋಮದಲ್ಲಿ ಮಾತ್ರ ನಂಬುವಷ್ಟು ವ್ಯತ್ಯಾಸ ಕಾಣಲಿಲ್ಲ. ಅಂದರೆ ಓ ಗುಂಪಿನ ಒಂದು ಸಮೂಹದಲ್ಲಿ 100 ಜನಕ್ಕೆ ಸ್ಕ್ವಾಮಸ್ ಕ್ಯಾನ್ಸರು ಬಂದರೆ, ಬೇರೆ ಗುಂಪಿನ ಅಷ್ಟೇ ದೊಡ್ಡ ಸಮೂಹದಲ್ಲಿ ಸುಮಾರು 86 ಜನಕ್ಕೆ ಬರುತ್ತದೆ ಎಂದರ್ಥ. ಸಾವಿರಾರು ಜನರನ್ನು ಒಟ್ಟಿಗೆ ನೋಡಿದಾಗ ಕಾಣುವ ವ್ಯತ್ಯಾಸ ಇದು. ಒಬ್ಬ ಮನುಷ್ಯನ ಮುಂದೆ ನಿಂತು ಅವನ ಭವಿಷ್ಯ ಹೇಳುವ ಶಕ್ತಿ ಇದಕ್ಕಿಲ್ಲ. ಅದಲ್ಲದೆ ಅಧ್ಯಯನಕ್ಕೆ ಒಳಗಾದವರು ಬಹುಪಾಲು ಬಿಳಿಯ ಚರ್ಮದವರು. ನಮ್ಮಂಥವರಿಗೆ ಆ ಲೆಕ್ಕ ಹಾಗೆಯೇ ಅನ್ವಯಿಸುತ್ತದೆಂದು ಹೇಳಲು ಆಧಾರವಿಲ್ಲ.

ಅಂಗಾಂಶದ ಮಾದರಿಯ ಕಥೆ ಇದಕ್ಕಿಂತ ಗಂಭೀರವಾದದ್ದು. ಮೂತ್ರಪಿಂಡದ ಕಸಿ ಮಾಡಿಸಿಕೊಂಡವರು, ಬೇರೆಯವರ ಅಂಗವನ್ನು ದೇಹ ತಳ್ಳಿಹಾಕದಿರಲೆಂದು, ತಮ್ಮ ರಕ್ಷಕ ಕಣಗಳನ್ನು ಮಂಕಾಗಿಸುವ ಔಷಧಿಯನ್ನು ನಿರಂತರವಾಗಿ ತೆಗೆದುಕೊಳ್ಳಬೇಕು. ಕಾವಲುಗಾರನಿಗೆ ನಿದ್ದೆ ಬರಿಸಿದರೆ ಕಳ್ಳನಿಗೂ ಅನುಕೂಲವೆ. ಬಿಳಿಯರ ದೇಶಗಳಲ್ಲಿ ಇಂಥ ರೋಗಿಗಳಿಗೆ ಸ್ಕ್ವಾಮಸ್ ಚರ್ಮದ ಕ್ಯಾನ್ಸರು ಇತರರಿಗಿಂತ ಹತ್ತಾರು ಪಟ್ಟು ಹೆಚ್ಚು ಬರುತ್ತದೆ. ಇವರಲ್ಲಿ ಕೆಲವು ಎಚ್.ಎಲ್.ಎ. ಮಾದರಿಗಳಿಗೂ ಈ ಕ್ಯಾನ್ಸರಿಗೂ ನಂಟಿರುವಂತೆ ಕಾಣುತ್ತದೆಂದು ಹಾಲೆಂಡಿನ ವೈದ್ಯರು 1991ರಲ್ಲಿ ವರದಿ ಮಾಡಿದರು. ಮುಂದೆ 2018ರಲ್ಲಿ, ರಕ್ಷಕ ಕಣಗಳನ್ನು ಎಬ್ಬಿಸುವ ಹೊಸ ಔಷಧಿಗಳನ್ನು ಪಡೆದ ಮೆಲನೋಮ ಮತ್ತು ಶ್ವಾಸಕೋಶದ ಕ್ಯಾನ್ಸರಿನ ರೋಗಿಗಳನ್ನು ಪರಿಶೀಲಿಸಿದಾಗ ಇನ್ನೊಂದು ಅಂಶ ಹೊರಬಿತ್ತು. ತಂದೆಯಿಂದ ಒಂದು ಬಗೆ, ತಾಯಿಯಿಂದ ಬೇರೊಂದು ಬಗೆ ಹೀಗೆ ವೈವಿಧ್ಯವಿರುವ ಎಚ್.ಎಲ್.ಎ. ಪಡೆದವರು ಸರಾಸರಿಯಲ್ಲಿ ಹೆಚ್ಚು ಕಾಲ ಬದುಕಿದರು. ರಕ್ತದಲ್ಲಿ ಶುದ್ಧತೆಯನ್ನು ಕೊಂಡಾಡುವವರು ಯೋಚಿಸಬೇಕಾದ ಮಾತು ಇದು. ರೋಗದೊಡನೆ ಹೋರಾಡುವಾಗ ನಮ್ಮ ನೆರವಿಗೆ ಬರುವುದು ಬೆರಕೆ.

ಇಷ್ಟು ಸಂಗತಿ. ಈಗ ಮೊದಲ ತಪ್ಪಿನ ವಿಚಾರ. ಹುಟ್ಟಿನಿಂದ ಬಂದದ್ದನ್ನು ವಿಧಿಯೆಂದು ಒಪ್ಪಿಕೊಂಡುಬಿಡುವುದರಲ್ಲಿ ಒಂದು ಸುಖವಿದೆ. ಹಣೆಯಲ್ಲಿ ಬರೆದದ್ದು ಎಂದ ಕೂಡಲೆ ನಾವೂ ನಿಶ್ಚಿಂತರು, ನಮ್ಮ ಸುತ್ತಲಿನ ಸಮಾಜವೂ ನಿಶ್ಚಿಂತ. ಆದರೆ ಚರ್ಮದ ಕ್ಯಾನ್ಸರಿನ ಇತಿಹಾಸವೇ ಈ ನಿಶ್ಚಿಂತೆಗೆ ಉತ್ತರ ಹೇಳುತ್ತದೆ. 1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್, ಹೊಗೆಗೂಡುಗಳನ್ನು ಶುಚಿ ಮಾಡುವವರ ವೃಷಣದ ಚರ್ಮದಲ್ಲಿ ಬರುವ ಕ್ಯಾನ್ಸರನ್ನು ವಿವರಿಸಿದ. ಎಳೆಯ ಹುಡುಗರನ್ನು ಇಕ್ಕಟ್ಟಾದ ಕೊಳವೆಗಳೊಳಗೆ ಹತ್ತಿಸಿ ಮಸಿ ತೆಗೆಸುತ್ತಿದ್ದರು. ಆ ಮಸಿ ಚರ್ಮದ ಸುಕ್ಕುಗಳಲ್ಲಿ ಉಳಿದು ದೊಡ್ಡವರಾದ ಮೇಲೆ ಕ್ಯಾನ್ಸರಾಗುತ್ತಿತ್ತು. ಆ ಹುಡುಗರ ರಕ್ತ ಯಾವ ಗುಂಪಿನದೆಂದು ಕೇಳುವ ಅಗತ್ಯವಿರಲಿಲ್ಲ. ಕೇಳಬೇಕಾಗಿದ್ದುದು, ಅವರನ್ನು ಅಲ್ಲಿಗೆ ಹತ್ತಿಸಿದವರು ಯಾರು ಎಂದು. ಈ ಪದ್ಧತಿಯನ್ನು ನಿಜವಾಗಿ ನಿಲ್ಲಿಸಿದ ಕಾನೂನು ಇಂಗ್ಲೆಂಡಿನಲ್ಲಿ ಬಂದದ್ದು 1875ರಲ್ಲಿ. ಕಾರಣ ತಿಳಿದ ಮೇಲೂ ನೂರು ವರ್ಷ ಹಿಡಿಯಿತು!

ಇದು ದೂರದ ದೇಶದ ಕಥೆಯೆನ್ನುವವರು ಮುಂಬಯಿಯ ಕಥೆಯನ್ನು ಕೇಳಬೇಕು. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ದುಡಿದ ಡಾ. ವಿ. ಆರ್. ಖಾನೋಲ್ಕರ್ ಅವರು ತಮ್ಮ ಸಹೋದ್ಯೋಗಿ ಸೂರ್ಯಾಬಾಯಿಯವರೊಡನೆ 1945ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಬಳಕೆಯ ರೂಢಿಗಳಿಂದ ಬರುವ ಕ್ಯಾನ್ಸರುಗಳ ವಿಚಾರ ಅದರಲ್ಲಿತ್ತು. ಸೊಂಟದ ಸುತ್ತ ಧೋತರವನ್ನು ವರ್ಷಗಟ್ಟಲೆ ಬಿಗಿದು ಉಡುವ ಜಾಗದಲ್ಲಿ ಚರ್ಮ ಉಜ್ಜಿ ಉಜ್ಜಿ ಗಾಯವಾಗಿ ಕೊನೆಗೆ ಕ್ಯಾನ್ಸರಾದ ಉದಾಹರಣೆಗಳನ್ನು ಅವರು ತೋರಿಸಿದರು. ವೈದ್ಯರ ಪುಸ್ತಕಗಳಲ್ಲಿ ಇದಕ್ಕೆ 'ಧೋತಿ ಕ್ಯಾನ್ಸರ್' ಎಂದೇ ಹೆಸರು. ಸೀರೆಯ ಒಳಲಂಗದ ಲಾಡಿ ಬಿಗಿಯುವ ಕಡೆಯೂ ಹೀಗಾಗುವುದನ್ನು ಮುಂದೆ ಗುರುತಿಸಿದರು. ಕಾಶ್ಮೀರದಲ್ಲಿ ಚಳಿಗೆ ಕೆಂಡದ ಕಾಂಗ್ರಿಯನ್ನು ನಿಲುವಂಗಿಯೊಳಗೆ ಹಿಡಿದುಕೊಳ್ಳುವವರ ಹೊಟ್ಟೆ ತೊಡೆಗಳ ಮೇಲೆ ಇದೇ ಜಾತಿಯ ಕ್ಯಾನ್ಸರು ಬರುವುದು ಹತ್ತೊಂಬತ್ತನೆಯ ಶತಮಾನದಿಂದಲೂ ತಿಳಿದ ವಿಷಯ. ಪಶ್ಚಿಮ ಬಂಗಾಳದಲ್ಲಿ ಕೊಳವೆಬಾವಿಯ ನೀರಿನ ಆರ್ಸೆನಿಕ್ ವಿಷದಿಂದ ಅಂಗೈ ಅಂಗಾಲುಗಳು ಗಡುಸಾಗಿ ಕಾಯಿಲೆ ಬರುತ್ತಿರುವುದನ್ನು 1983ರಲ್ಲಿ ಕಲಕತ್ತೆಯ ವೈದ್ಯರು ಗುರುತಿಸಿದರು. ಅವರಲ್ಲಿ ಕೆಲವರಿಗೆ ಮುಂದೆ ಕ್ಯಾನ್ಸರೂ ಬರುತ್ತದೆ. ಮಸಿ, ದಾರ, ಕೆಂಡ, ನೀರು ಇವು ಯಾವುವೂ ವಂಶದಿಂದ ಬಂದವಲ್ಲ. ಎಲ್ಲವನ್ನೂ ರಕ್ತದ ಮೇಲೆ ಹೊರಿಸಿ ಕುಳಿತಿದ್ದರೆ ಯಾವ ಬಾವಿಯನ್ನೂ ಪರೀಕ್ಷಿಸುತ್ತಿರಲಿಲ್ಲ. ಹುಟ್ಟುಗುಣವನ್ನು ದೂರುವುದು ಎಷ್ಟೋ ವೇಳೆ ಮಾಡಬೇಕಾದ ಕೆಲಸದಿಂದ ತಪ್ಪಿಸಿಕೊಳ್ಳುವ ಸುಲಭದ ದಾರಿ.

ಎರಡನೆಯ ತಪ್ಪು ಇನ್ನೂ ಅಪಾಯಕಾರಿ. ಅದು ರಕ್ತದ ಗುರುತನ್ನು ಮೇಲುಕೀಳಿನ ಗುರುತಾಗಿ ಮಾಡಿಕೊಳ್ಳುವುದು. ಮೊದಲ ಮಹಾಯುದ್ಧದ ಕಾಲದಲ್ಲಿ ಲುಡ್ವಿಕ್ ಮತ್ತು ಹನ್ನಾ ಹಿರ್ಷ್‌ಫೆಲ್ಡ್ ಎಂಬ ವೈದ್ಯ ದಂಪತಿಗಳು ಗ್ರೀಸಿನ ಸಲೋನಿಕಾ ಬಂದರಿನಲ್ಲಿದ್ದರು. ಅಲ್ಲಿ ಹಲವು ದೇಶಗಳ ಸೈನಿಕರು ಸೇರಿದ್ದರು. ನಮ್ಮ ದೇಶದ ಸಿಪಾಯಿಗಳೂ ಇದ್ದರು. ದಂಪತಿಗಳು ಸಾವಿರಾರು ಜನರ ರಕ್ತ ಪರೀಕ್ಷಿಸಿ 1919ರಲ್ಲಿ ಫಲಿತಾಂಶ ಪ್ರಕಟಿಸಿದರು. ಭಾರತೀಯರಲ್ಲಿ ಬಿ ಗುಂಪು ಹೆಚ್ಚು, ಪಶ್ಚಿಮ ಯುರೋಪಿನವರಲ್ಲಿ ಎ ಹೆಚ್ಚು ಎಂದು ಕಂಡುಬಂತು. ಆದರೆ ಎಲ್ಲ ಜನಾಂಗಗಳಲ್ಲೂ ಎಲ್ಲ ಗುಂಪುಗಳೂ ಇದ್ದವು. ಬೇರೆಯಾಗಿದ್ದುದು ಪ್ರಮಾಣ ಮಾತ್ರ. ಅಷ್ಟರಿಂದಲೇ ಕೆಲವರಿಗೆ ಸಾಕಾಯಿತು. 1926ರಲ್ಲಿ ರಕ್ತದ ಗುಂಪುಗಳ ಸಂಶೋಧನೆಗೆಂದು ಒಂದು ಜರ್ಮನ್ ಸಂಘವೇ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಒಬ್ಬನಾದ ಓಟೊ ರೆಖೆ ರಕ್ತದಲ್ಲಿ ಜನಾಂಗದ ಮುದ್ರೆಯನ್ನು ಹುಡುಕಹೊರಟ. ಮುಂದೆ ಜರ್ಮನಿಯಲ್ಲಿ ಏನಾಯಿತೆಂಬುದು ಎಲ್ಲರಿಗೂ ತಿಳಿದದ್ದೆ. ಯಹೂದಿ ಮನೆತನದಲ್ಲಿ ಹುಟ್ಟಿದ ಹಿರ್ಷ್‌ಫೆಲ್ಡರನ್ನೇ ವಾರ್ಸಾ ನಗರದ ಗೆಟ್ಟೋದೊಳಗೆ ಕೂಡಿಹಾಕಿದರು. ಅಲ್ಲಿಯೂ ಅವರು ತರುಣರಿಗೆ ವೈದ್ಯಶಾಸ್ತ್ರ ಕಲಿಸಿದರು, ಟೈಫಸ್ ಜ್ವರದೊಡನೆ ಹೋರಾಡಿದರು. ತಾವು ಜಗತ್ತಿಗೆ ಕೊಟ್ಟ ತಿಳಿವಳಿಕೆಯನ್ನು ಬೇರೆಯವರು ಯಾವುದಕ್ಕೆ ಬಳಸಿದರೆಂಬುದನ್ನು ಅವರು ಕಣ್ಣಾರೆ ಕಾಣಬೇಕಾಯಿತು.

ನಮ್ಮಲ್ಲಿ ಗೆಟ್ಟೋಗಳಿಲ್ಲ, ನಿಜ. ಆದರೆ 'ನಮ್ಮ ರಕ್ತವೇ ಬೇರೆ' ಎಂಬ ಮಾತು ನಮಗೆ ಅಪರಿಚಿತವಲ್ಲ. ಹುಡುಗಿಯ ಬಣ್ಣವನ್ನು ನೋಡಿ ಸಂಬಂಧ ಬೇಡವೆನ್ನುವ ಮನೆಗಳು ಮಹಾನಗರಗಳಲ್ಲೂ ಕಡಿಮೆಯೇನಿಲ್ಲ. ಇಲ್ಲೊಂದು ವಿಪರ್ಯಾಸವಿದೆ. ನಾವು ಕೊರತೆಯೆಂದು ಎಣಿಸುವ ಆ ಕಪ್ಪು ಬಣ್ಣ ಮೆಲನಿನ್ ಎಂಬ ವಸ್ತುವಿನಿಂದಾದದ್ದು. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವ ಕೊಡೆ ಅದು. ಭಾರತದಲ್ಲಿ ಚರ್ಮದ ಕ್ಯಾನ್ಸರು ಇತರ ಕ್ಯಾನ್ಸರುಗಳಿಗಿಂತ ಬಹಳ ಕಡಿಮೆಯಾಗಿರುವುದಕ್ಕೂ, ಬಿಳಿಯರು ಹೋಗಿ ನೆಲೆಸಿದ ಆಸ್ಟ್ರೇಲಿಯದಲ್ಲಿ ಬಹಳ ಹೆಚ್ಚಾಗಿರುವುದಕ್ಕೂ ಇದೇ ಮುಖ್ಯ ಕಾರಣ. ಆದರೂ ನಾವು ಪೂರ್ತಿ ನಿರ್ಭಯರೆಂದಲ್ಲ. ಕಪ್ಪು ಚರ್ಮದವರಲ್ಲಿ ಮೆಲನೋಮ ಬಂದರೆ ಹೆಚ್ಚಾಗಿ ಬಿಸಿಲು ಕಾಣದ ಅಂಗಾಲು, ಅಂಗೈ, ಉಗುರಿನ ಕೆಳಗೆ ಬರುತ್ತದೆ. ಜಮೈಕಾದ ಹೆಸರಾಂತ ಗಾಯಕ ಬಾಬ್ ಮಾರ್ಲಿಗೆ ಅದು ಕಂಡದ್ದು 1977ರಲ್ಲಿ, ಕಾಲ್ಬೆರಳಿನ ಉಗುರಿನ ಕೆಳಗೆ. 1981ರಲ್ಲಿ ತೀರಿಕೊಂಡಾಗ ವಯಸ್ಸು 36. ಪ್ರಕೃತಿ ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಸ್ವಲ್ಪ ಕಸಿದುಕೊಳ್ಳುತ್ತದೆ. ಹೆಮ್ಮೆಪಡಲು ಇಲ್ಲಿ ಏನೂ ಇಲ್ಲ, ನಾಚಿಕೆಪಡಲೂ ಏನೂ ಇಲ್ಲ.

ಹಾಗಾದರೆ ಹುಟ್ಟಿನಿಂದ ಬಂದದ್ದರಲ್ಲಿ ನಮ್ಮ ಹೊಣೆ ಎಲ್ಲಿ ಶುರುವಾಗುತ್ತದೆ? ನಮ್ಮ ಉತ್ತರ ಇಷ್ಟು: ಬಂದದ್ದಕ್ಕೆ ಹೊಣೆಯಿಲ್ಲ, ಅದು ಬಂದಿದೆಯೆಂದು ತಿಳಿದದ್ದಕ್ಕೆ ಹೊಣೆಯಿದೆ. ಆ ಹೊಣೆ ಎಲ್ಲ ಸಂದರ್ಭದಲ್ಲೂ ಒಂದೇ ತೂಕದ್ದಲ್ಲ. ನಂಟು ಎಷ್ಟು ಬಲವಾದದ್ದು, ತಿಳಿದರೆ ಮಾಡಬಹುದಾದದ್ದು ಎಷ್ಟಿದೆ, ಈ ಎರಡು ಬಟ್ಟುಗಳಿಂದ ಅದನ್ನು ತೂಗಬೇಕು.

ಬಲವಾದ ನಂಟಿಗೆ ಒಂದು ಉದಾಹರಣೆ ಕೊಡುತ್ತೇವೆ. ಜೆರೊಡರ್ಮ ಪಿಗ್ಮೆಂಟೋಸಮ್ ಎಂಬ ಅಪರೂಪದ ಕಾಯಿಲೆಯಿದೆ. ಬಿಸಿಲಿನಿಂದ ಕೋಶದ ವಂಶತಂತುವಿಗೆ ಆಗುವ ಪೆಟ್ಟನ್ನು ರಿಪೇರಿ ಮಾಡುವ ಶಕ್ತಿ ಈ ಮಕ್ಕಳಿಗೆ ಇರುವುದಿಲ್ಲ. 1968ರಲ್ಲಿ ಅಮೆರಿಕದ ಜೇಮ್ಸ್ ಕ್ಲೀವರ್ ಇದರ ಗುಟ್ಟನ್ನು ಬಿಡಿಸಿದ. ಬಿಸಿಲಿನಿಂದ ಕಾಪಾಡದಿದ್ದರೆ ಬಾಲ್ಯದಲ್ಲೇ ಚರ್ಮದ ಕ್ಯಾನ್ಸರು ತಲೆದೋರುತ್ತದೆ. ತಂದೆತಾಯಿ ಇಬ್ಬರೂ ಆರೋಗ್ಯವಾಗಿದ್ದು ಇಬ್ಬರಲ್ಲೂ ಆ ದೋಷದ ಒಂದೊಂದು ಪ್ರತಿ ಅಡಗಿದ್ದರೆ, ಪ್ರತಿ ಮಗುವಿಗೂ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಹತ್ತಿರದ ಸಂಬಂಧದಲ್ಲಿ ಮದುವೆಯಾದಾಗ ಹೀಗೆ ಎರಡು ಪ್ರತಿ ಕೂಡುವ ಅವಕಾಶ ಹೆಚ್ಚು. ಸೋದರಮಾವನಿಗೆ ಕೊಡುವ, ಅತ್ತೆಯ ಮಗಳನ್ನು ತರುವ ವಾಡಿಕೆ ನಮ್ಮ ನಾಡಿನ ಎಷ್ಟೋ ಮನೆತನಗಳಲ್ಲಿ ಇದೆಯೆಂಬುದನ್ನು ನೆನೆಯಬೇಕು. ಇಂಥ ಕಾಯಿಲೆ ಒಂದು ಕುಟುಂಬದಲ್ಲಿ ಕಾಣಿಸಿಕೊಂಡಿದ್ದರೆ ಅದನ್ನು ದಾಯಾದಿಗಳಿಂದ, ನೆಂಟರಿಂದ ಮುಚ್ಚಿಡುವ ಹಕ್ಕು ಯಾರಿಗೂ ಇಲ್ಲವೆಂದು ನಮಗೆ ತೋರುತ್ತದೆ. ಯುರೋಪಿನ ಕೆಲವು ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಮೆಲನೋಮ ಹರಿದು ಬರುವುದರ ಹಿಂದಿರುವ ಒಂದು ವಂಶವಾಹಿಯನ್ನು 1994ರಲ್ಲಿ ಗುರುತಿಸಿದರು. ಅಲ್ಲಿಯೂ ಮಾತು ಇದೇ. ಬೇಗ ಕಂಡರೆ ಒಂದು ಸಣ್ಣ ಶಸ್ತ್ರಕ್ರಿಯೆಯಿಂದ ಬದುಕಿಕೊಳ್ಳಬಹುದಾದ ತಮ್ಮನಿಗೆ ಅಣ್ಣ ಹೇಳದೆ ಉಳಿದರೆ, ಅದು ಬರಿಯ ಸಂಕೋಚವೆನ್ನಿಸಿಕೊಳ್ಳುವುದಿಲ್ಲ.

ನಂಟು ತೆಳುವಾಗಿರುವ ಕಡೆ ಕರ್ತವ್ಯ ತಿರುಗುಮುರುಗಾಗುತ್ತದೆ. ಶೇಕಡಾ 14ರ ವ್ಯತ್ಯಾಸವನ್ನು ಹಿಡಿದುಕೊಂಡು ಓ ಗುಂಪಿನ ಹುಡುಗನನ್ನು ಬೇಡವೆನ್ನುವುದು, ಅಥವಾ ಒಬ್ಬರ ಅಂಗಾಂಶದ ಮಾದರಿಯನ್ನು ನೋಡಿ 'ಇವರು ರೋಗದ ವಂಶ' ಎಂದು ಹೆಸರಿಡುವುದು ಅಜ್ಞಾನಕ್ಕೆ ವಿಜ್ಞಾನದ ಅಂಗಿ ತೊಡಿಸಿದಂತೆ. ಇಲ್ಲಿ ನಮ್ಮ ಹೊಣೆ ಹೇಳುವುದಲ್ಲ, ಹಣೆಪಟ್ಟಿ ಹಚ್ಚದಿರುವುದು. ಅಕ್ಷರ ನೋಡಿ ಮನುಷ್ಯನನ್ನು ತಿಳಿದೆವೆನ್ನುವವರಿಗೆ ಮುಂಬಯಿಯೇ ಒಂದು ಪಾಠ ಕಲಿಸಿದೆ. 1952ರಲ್ಲಿ ಡಾ. ಭೇಂಡೆ ಮತ್ತು ಅವರ ಸಂಗಡಿಗರು ಇಲ್ಲಿ ಕಂಡ ಅಪರೂಪದ ಗುಂಪಿಗೆ ಜಗತ್ತೇ 'ಬಾಂಬೆ ರಕ್ತ' ಎಂದು ಹೆಸರಿಟ್ಟಿದೆ. ಸಾಮಾನ್ಯ ಪರೀಕ್ಷೆಯಲ್ಲಿ ಇವರು ಓ ಗುಂಪಿನವರಂತೆಯೇ ಕಾಣುತ್ತಾರೆ. ಆದರೆ ಓ ರಕ್ತ ಕೊಟ್ಟರೆ ಪ್ರಾಣಕ್ಕೆ ಸಂಚಕಾರ. ಇವರಿಗೆ ಇವರಂಥವರ ರಕ್ತವೇ ಆಗಬೇಕು. ಚೀಟಿಯ ಮೇಲಿನ ಅಕ್ಷರದ ಆಚೆಗೆ ಮನುಷ್ಯನಲ್ಲಿ ಇನ್ನೆಷ್ಟೋ ಇದೆ.

ಇಲ್ಲಿ ಒಂದು ಆಕ್ಷೇಪವನ್ನು ನಾವು ಕೇಳದೆ ಹೋಗುವಂತಿಲ್ಲ. 'ಹೇಳಬೇಕು ಎನ್ನುವುದು ಬರವಣಿಗೆಯಲ್ಲಿ ಸುಲಭ. ಮನೆಯಲ್ಲಿ ಮದುವೆಗೆ ಬಂದ ಮಗಳಿರುವಾಗ, ತಾಯಿಗೆ ಕ್ಯಾನ್ಸರಾಗಿತ್ತೆಂದು ಯಾರು ಹೇಳುತ್ತಾರೆ? ಹೇಳಿದ ಮೇಲೆ ಬಂದ ಗಂಡಿನ ಕಡೆಯವರು ಮತ್ತೆ ಬರುತ್ತಾರೆಯೆ?' ಈ ಮಾತಿನಲ್ಲಿರುವ ನೋವು ನಿಜವಾದದ್ದು. ಚರ್ಮದ ಮೇಲೆ ಒಂದು ಬಿಳಿಯ ಮಚ್ಚೆ ಕಂಡರೂ ತೋಳಿನ ರವಿಕೆ ಉದ್ದವಾಗುವ ಸಮಾಜ ನಮ್ಮದು. ತೊನ್ನು ಅಂಟುವುದಿಲ್ಲ, ಕ್ಯಾನ್ಸರೂ ಅಂಟುವುದಿಲ್ಲ; ಅಂಟುವುದು ಮಾತು. ಮುಚ್ಚಿಡುವವರನ್ನು ನಾವು ಬಯ್ಯುತ್ತೇವೆ. ಆದರೆ ಸತ್ಯ ಹೇಳಿದವರಿಗೆ ನಾವು ಕೊಟ್ಟ ಪ್ರತಿಫಲವಾದರೂ ಏನು? ಬಾಯಿಬಿಟ್ಟವರ ಮನೆಯ ಬಾಗಿಲನ್ನು ನಾವೇ ಮುಚ್ಚಿಸಿ, ಆಮೇಲೆ ಅವರು ಏಕೆ ಬಾಯಿಬಿಡುವುದಿಲ್ಲವೆಂದು ಕೇಳುವುದು ಯಾವ ನ್ಯಾಯ?

ಆದ್ದರಿಂದ ಹೇಳುವವರ ಧೈರ್ಯಕ್ಕಿಂತ ಮೊದಲು ಕೇಳುವವರ ಸೌಜನ್ಯ ಬರಬೇಕು ಎಂಬುದು ನಮ್ಮ ನಿಲುವು. ಅಮೆರಿಕದಲ್ಲಿ 2008ರ ಒಂದು ಕಾನೂನಿನ ಪ್ರಕಾರ ವಂಶವಾಹಿಯ ಮಾಹಿತಿಯನ್ನು ನೋಡಿ ಆರೋಗ್ಯ ವಿಮೆಯನ್ನೋ ನೌಕರಿಯನ್ನೋ ನಿರಾಕರಿಸುವಂತಿಲ್ಲ. ಕಚೇರಿಗಳಿಗೆ ಕಾನೂನು ಮಾಡಬಹುದು. ಬೀಗರಿಗೆ, ನೆರೆಹೊರೆಗೆ, ಮದುವೆಯ ಮಾತುಕತೆಗೆ ಕಾನೂನು ಮಾಡಲಾಗುವುದಿಲ್ಲ. ಅಲ್ಲಿ ನಡೆಯುವುದು ನಮ್ಮ ನಮ್ಮ ನಡತೆ. ಒಂದು ಮನೆಯವರು, 'ನಮ್ಮ ಮನೆತನದಲ್ಲಿ ಇಂಥ ಕಾಯಿಲೆ ಇತ್ತು' ಎಂದು ನಮ್ಮೆದುರು ಹೇಳಿದರೆ, ಅದು ನಮ್ಮ ಮೇಲಿಟ್ಟ ವಿಶ್ವಾಸವೆಂದು ತಿಳಿದು ತಕ್ಕ ವೈದ್ಯರನ್ನು ಕೇಳುವುದು, ಹೊರಗೆ ಹೋಗಿ ಹರಡದಿರುವುದು, ಇಷ್ಟನ್ನು ಮಾಡುವುದು ಅಸಾಧ್ಯವೇನಲ್ಲ. ಹೇಳಿದವರೊಡನೆ ಸಂಬಂಧ ಬೆಳೆಸಿದ ನಾಲ್ಕು ಉದಾಹರಣೆಗಳು ಒಂದು ಬಳಗದಲ್ಲಿ ಕಂಡರೆ, ಐದನೆಯವರು ಹೇಳಲು ಹೆದರುವುದಿಲ್ಲ.

ಊರು ಬಿಟ್ಟು ಬಂದ ನಮ್ಮಂಥವರಿಗೆ ಇದರಲ್ಲಿ ಇನ್ನೊಂದು ತೊಡಕೂ ಇದೆ. ಧಾರವಾಡದಿಂದಲೋ ಮಂಗಳೂರಿನಿಂದಲೋ ಹಾಸನದಿಂದಲೋ ಹೊರಟು ಮುಂಬಯಿ, ಪುಣೆ, ದೆಹಲಿಗಳಲ್ಲಿ ನೆಲೆಸಿದ ನಾವು ಮನೆದೇವರ ಹೆಸರನ್ನು ಮಕ್ಕಳಿಗೆ ಕಲಿಸಿದ್ದೇವೆ, ಹಬ್ಬದ ಅಡುಗೆಯನ್ನು ಕಲಿಸಿದ್ದೇವೆ. ಆದರೆ ಅಜ್ಜ ಯಾವ ಕಾಯಿಲೆಯಿಂದ ತೀರಿಕೊಂಡರೆಂದು ಮಕ್ಕಳು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. 'ಕಾಲಿನಲ್ಲಿ ಏನೋ ಹುಣ್ಣಾಗಿತ್ತು, ವಾಸಿಯಾಗಲಿಲ್ಲ' ಎಂಬಷ್ಟೇ ನೆನಪು. ಆ ಹುಣ್ಣು ಏನೆಂದು ಬಲ್ಲ ದೊಡ್ಡಪ್ಪ ಚಿಕ್ಕಮ್ಮಂದಿರು ಊರಿನಲ್ಲಿದ್ದಾರೆ, ಅವರಿಗೂ ವಯಸ್ಸಾಗಿದೆ. ಹಿಂದೆ ಒಂದೇ ಅಂಗಳದಲ್ಲಿ ಮೂರು ತಲೆಮಾರು ಬದುಕುತ್ತಿದ್ದಾಗ ಈ ತಿಳಿವಳಿಕೆ ಕೇಳದೆಯೇ ಸಿಗುತ್ತಿತ್ತು. ಈಗ ಅದನ್ನು ಕೇಳಿ ಪಡೆಯಬೇಕು. ಬೇಸಗೆಯ ರಜೆಯಲ್ಲಿ ಊರಿಗೆ ಹೋದಾಗ ಆಸ್ತಿಯ ಪಾಲಿನ ಮಾತು ಬಂದೇ ಬರುತ್ತದೆ. ದೇಹದಲ್ಲಿ ನಮಗೆ ಬಂದ ಪಾಲಿನ ಮಾತನ್ನೂ ಅದರ ಜೊತೆಗೆ ಎತ್ತಿ, ಯಾರಿಗೆ ಯಾವ ವಯಸ್ಸಿನಲ್ಲಿ ಏನಾಯಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ ಅದು ನಮ್ಮ ಮಕ್ಕಳಿಗೆ ಬಿಡುವ ಆಸ್ತಿಗಳಲ್ಲಿ ಒಂದಾದೀತು. ಇದಕ್ಕೆ ಪ್ರಯೋಗಾಲಯ ಬೇಡ, ಹಣ ಬೇಡ. ಕೇಳುವ ತಾಳ್ಮೆಯೊಂದು ಬೇಕು.

ಹುಟ್ಟುಗುಣ ಸುಟ್ಟರೂ ಹೋಗದೆಂಬ ಗಾದೆ ಸುಳ್ಳಲ್ಲ. ನಮ್ಮ ರಕ್ತದ ಅಕ್ಷರವನ್ನು ನಾವು ಬದಲಾಯಿಸಲಾರೆವು, ಅಂಗಾಂಶದ ಗುರುತನ್ನು ಅಳಿಸಲಾರೆವು. ಆದರೆ ಅಂಗಾಲಿನಲ್ಲಿ ಹೊಸದಾಗಿ ಮೂಡಿ ಬೆಳೆಯುತ್ತಿರುವ ಕಪ್ಪು ಮಚ್ಚೆಯನ್ನು, ವಾಸಿಯಾಗದ ಗಾಯವನ್ನು ವೈದ್ಯರಿಗೆ ತೋರಿಸುವುದು ನಮ್ಮ ಕೈಯಲ್ಲಿದೆ. ಬಂದ ಕಾಯಿಲೆಯನ್ನು ಒಡಹುಟ್ಟಿದವರಿಗೆ ತಿಳಿಸುವುದು ನಮ್ಮ ಕೈಯಲ್ಲಿದೆ. ಬೇರೆಯವರು ತಿಳಿಸಿದಾಗ ಅವರ ತಲೆ ತಗ್ಗದಂತೆ ನೋಡಿಕೊಳ್ಳುವುದೂ ನಮ್ಮ ಕೈಯಲ್ಲಿದೆ. ಹಿರಿಯರು ನಮಗೆ ಕೊಟ್ಟದ್ದನ್ನು ನಾವು ಆರಿಸಿಕೊಳ್ಳಲಿಲ್ಲ. ಅದರ ವಿಷಯವಾಗಿ ಕಿರಿಯರಿಗೆ ಏನು ಹೇಳುತ್ತೇವೆ, ಏನು ಬಚ್ಚಿಡುತ್ತೇವೆ ಎಂಬುದನ್ನು ಮಾತ್ರ ನಾವೇ ಆರಿಸಿಕೊಳ್ಳಬೇಕು.